ದನಿಯಿಲ್ಲದೆ ಬಿಲ್ಲಿ ಹಾಲಿಡೇ: ಒಂಟಿ ಪಿಯಾನೋ ಆಲ್ಬಮ್‌ನ ಹಿನ್ನೆಲೆ

1972ರಲ್ಲಿ ನೆದರ್‌ಲ್ಯಾಂಡ್ಸ್‌ನ ಬಾರ್ನ್ ಪಟ್ಟಣದಲ್ಲಿ ಅಮೆರಿಕದ ಜಾಝ್ ಪಿಯಾನೋ ವಾದಕ ಮಾಲ್ ವಾಲ್ಡ್ರನ್ ಒಬ್ಬರೇ ಕೂತು 'ಬ್ಲೂಸ್ ಫಾರ್ ಲೇಡಿ ಡೇ' ಆಲ್ಬಮ್ ನುಡಿಸಿದರು. ಜೊತೆಗೆ ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಲೇಡಿ ಡೇ ಎಂದರೆ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ. ಆ ಹೆಸರಿಟ್ಟವರು ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್. 1957ರಿಂದ 1959ರ ಜುಲೈನಲ್ಲಿ ಆಕೆ ತೀರಿಕೊಳ್ಳುವವರೆಗೂ ಆಕೆಗೆ ಪಿಯಾನೋ ಪಕ್ಕವಾದ್ಯ ಕೊಟ್ಟವರು ವಾಲ್ಡ್ರನ್.

ಹಾಲಿಡೇ ಮತ್ತು ಪಿಯಾನೋದ ನಂಟು ಅದಕ್ಕೂ ಹಳೆಯದು. 1935ರಲ್ಲಿ ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ಅವರ ತಂಡದೊಂದಿಗೆ ಆಕೆ ಹಾಡಿದ ಮೂರು ನಿಮಿಷದ ರೆಕಾರ್ಡುಗಳಲ್ಲಿ ದನಿಯೂ ವಾದ್ಯಗಳ ಸಾಲಿನಲ್ಲಿ ಒಂದು: ಒಂದು ಸುತ್ತು ಹಾಡಿ, ಜಾಗ ಬಿಟ್ಟುಕೊಡಬೇಕು. ಐವತ್ತರ ದಶಕದ ಹೊತ್ತಿಗೆ ಎಲ್ಲ ವಾದ್ಯಗಳೂ ಆಕೆಯ ಸುತ್ತ ಸರಿದು ನಿಂತಿದ್ದವು.

ವಾಲ್ಡ್ರನ್‌ರ ಮೊದಲ ಗೌರವ 1959ರ 'ಲೆಫ್ಟ್ ಅಲೋನ್'. ಶೀರ್ಷಿಕೆ ಗೀತೆಗೆ ಸಾಹಿತ್ಯ ಹಾಲಿಡೇ ಅವರದು, ಸಂಗೀತ ವಾಲ್ಡ್ರನ್‌ರದು. ಆಕೆ ಅದನ್ನು ರೆಕಾರ್ಡ್ ಮಾಡಲೇ ಇಲ್ಲ. ಆಲ್ಬಮ್‌ನಲ್ಲಿ ದನಿಯ ಸಾಲನ್ನು ಜಾಕಿ ಮೆಕ್ಲೀನ್‌ರ ಆಲ್ಟೊ ಸ್ಯಾಕ್ಸೊಫೋನ್ ಹಾಡುತ್ತದೆ. ಅಂದರೆ ಆಗಿನ್ನೂ ಪಿಯಾನೋ ಪಕ್ಕದಲ್ಲೇ ಇತ್ತು. 1963ರಲ್ಲಿ ಹೆರಾಯಿನ್‌ನಿಂದ ವಾಲ್ಡ್ರನ್ ಕುಸಿದರು, ನುಡಿಸುವುದೇ ಮರೆತುಹೋಗಿತ್ತು. ತಮ್ಮದೇ ಹಳೆಯ ರೆಕಾರ್ಡುಗಳನ್ನು ಕೇಳಿ ಮತ್ತೆ ಕಲಿತು, ಯುರೋಪಿಗೆ ಹೋಗಿ ನೆಲೆಸಿದರು. ಬಾರ್ನ್‌ನಲ್ಲಿ ಕೂತಿದ್ದು ಆ ಎರಡನೇ ಕಲಿಕೆಯ ವಾದಕ.

ಹಾಡುಗಾರ್ತಿಯನ್ನು ಪಿಯಾನೋದಲ್ಲಿ ನೆನೆಯುವುದು ಏಕೆ ಕಷ್ಟ? ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ಸ್ವರ ಕರಗತೊಡಗುತ್ತದೆ. ಗಮಕವಿಲ್ಲ, ಜಾರಿಕೆಯಿಲ್ಲ. ಅರ್ಧ ಸ್ವರ ಕೆಳಗಿನ ಕೀಲಿಯನ್ನು ಒತ್ತಿ ತಟ್ಟನೆ ಮೇಲಿನದಕ್ಕೆ ಬಂದರೆ ಜಾರಿದ ಭ್ರಮೆ ಹುಟ್ಟುತ್ತದೆ, ಅಷ್ಟೇ. ಪ್ರತಿ ಸಾಲಿಗೂ ಹೀಗೆ ಮಾಡಿದರೆ ಅದು ಚಟದಂತೆ ಕೇಳುತ್ತದೆ. ಹಾಲಿಡೇ ತಾಳದ ಹಿಂದೆ ಹಿಂದೆ ಹಾಡುತ್ತಿದ್ದರು. ಡ್ರಮ್ಸ್ ಇಲ್ಲದಾಗ ಯಾವುದಕ್ಕಿಂತ ಹಿಂದೆ? ಎಡಗೈ ಗಟ್ಟಿಯಾಗಿ ನಡೆಯಬೇಕು, ಬಲಗೈ ಮಾತ್ರ ತುಸು ತಡವಾಗಿ ಬರಬೇಕು. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎಡಗೈಯೂ ಬಲಗೈ ಜೊತೆ ಹಿಂಜರಿಯುವುದು. ಆಗ ಹಿಂದುಳಿದ ಸೊಗಸು ಹೋಗಿ ಹಾಡೇ ಕುಂಟುತ್ತದೆ.

ಆಕೆಯ ದನಿಯ ವ್ಯಾಪ್ತಿ ಒಂದು ಸಪ್ತಕಕ್ಕಿಂತ ತುಸು ಹೆಚ್ಚು, ಅದೂ ಕೀಲಿಮಣೆಯ ನಡುಭಾಗದಲ್ಲಿ. ರಾಗವನ್ನು ಅಲ್ಲೇ ಇಟ್ಟರೆ ಎಡಗೈಗೆ ಜಾಗ ಕಡಿಮೆ. ಕೆಳಗೆ ಮೂರು-ನಾಲ್ಕು ಸ್ವರದ ಒತ್ತಾದ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು, ಸ್ವರಗಳನ್ನು ಮೊಳಗುತ್ತಲೇ ಇರಿಸುವ ಪೆಡಲ್ ಒತ್ತಿಟ್ಟರೆ ಎಲ್ಲ ಕಲಸಿಹೋಗುತ್ತದೆ. ಕಾರ್ಡ್‌ನ ಮೂಲಸ್ವರ ಮತ್ತು ಅದರಿಂದ ಏಳನೆಯ ಸ್ವರ, ಈ ಎರಡೇ ಸಾಕು. ಕಾರ್ಡ್ ಬದಲಾದಾಗಲೆಲ್ಲ ಪೆಡಲ್ ಬಿಟ್ಟು ಹಿಡಿಯಬೇಕು.

ವಾಲ್ಡ್ರನ್ ಮೊದಲಿಂದಲೂ ಸ್ವರಗಳಲ್ಲಿ ಮಿತವ್ಯಯಿ. ಎರಡು-ಮೂರು ಸ್ವರದ ತುಣುಕನ್ನು ಹಿಡಿದು ಮತ್ತೆ ಮತ್ತೆ ಬಡಿಯುತ್ತಾರೆ, ಎಡಗೈ ಕಪ್ಪಗೆ, ಆಳದಲ್ಲಿ. ಸಾಹಿತ್ಯದ ಬೆಲೆಯನ್ನು ಅವರು ಕಲಿತದ್ದು ಹಾಲಿಡೇ ಅವರಿಂದಲೇ. ಹಾಡುಗಾರ್ತಿ ಉಸಿರು ತೆಗೆದುಕೊಳ್ಳುವ ಕಡೆ ಕೈಗಳೂ ನಿಲ್ಲಬೇಕು. ಬೆರಳೋಟ ಬಲ್ಲವರು ಆ ಖಾಲಿಯನ್ನು ಓಡುಸ್ವರಗಳಿಂದ ತುಂಬುತ್ತಾರೆ. ಆಗ ನಮಗೆ ಪಿಯಾನೋ ಮಾತ್ರ ಕೇಳುತ್ತದೆ, ಆಕೆ ಕೇಳುವುದಿಲ್ಲ.

ಕೇಳುವವರು ಮೊದಲು 1957ರ ಡಿಸೆಂಬರ್‌ನ ಸಿಬಿಎಸ್ ಟಿವಿ ಕಾರ್ಯಕ್ರಮ 'ದ ಸೌಂಡ್ ಆಫ್ ಜಾಝ್' ನೋಡಲಿ. ಅಲ್ಲಿ ಹಾಲಿಡೇ 'ಫೈನ್ ಅಂಡ್ ಮೆಲ್ಲೊ' ಹಾಡುವಾಗ ಪಿಯಾನೋದಲ್ಲಿರುವುದು ವಾಲ್ಡ್ರನ್. ಆಮೇಲೆ 'ಲೆಫ್ಟ್ ಅಲೋನ್', ಕೊನೆಗೆ 1972ರ ಆಲ್ಬಮ್.