ಮಧ್ಯಂತರ ಆದೇಶದಲ್ಲೇ ಕಳೆದುಹೋಗುವ ವರ್ಷಗಳು

ಮಗು ಯಾರ ಬಳಿ ಇರಬೇಕು ಎಂಬ ಸುಪರ್ದಿಯ ವ್ಯಾಜ್ಯ ಈಗ ಒಂದೇ ಕೋರ್ಟಿನಲ್ಲಿ ನಡೆಯುವುದು ಅಪರೂಪ. ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ, ಅದರೊಳಗೆ ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನಡಿ, ಅಂದರೆ ಮಕ್ಕಳ ಸುಪರ್ದಿ, ಜೀವನಾಂಶ ಮತ್ತು ವಿದ್ಯಾಭ್ಯಾಸದ ಕಲಮಿನಡಿ, ಅಂತಿಮ ತೀರ್ಪಿನವರೆಗಿನ ವ್ಯವಸ್ಥೆ ಕೋರುವ ಮಧ್ಯಂತರ ಅರ್ಜಿ. ಜೊತೆಗೆ ಪೋಷಕರ ನೇಮಕದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಇನ್ನೊಂದು ಪ್ರಕರಣ. ಮ್ಯಾಜಿಸ್ಟ್ರೇಟರ ಮುಂದೆ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಕಲಮಿನಂತೆ ತಾತ್ಕಾಲಿಕ ಸುಪರ್ದಿ. ಕೆಲವೊಮ್ಮೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೋರುವ ಅರ್ಜಿ. ಅಂತಿಮ ತೀರ್ಪು ಬರುವಷ್ಟರಲ್ಲಿ ವರ್ಷಗಳು ಉರುಳುತ್ತವೆ. ಅಲ್ಲಿಯವರೆಗೆ ಮಗುವಿನ ದಿನಚರಿಯನ್ನು ನಿರ್ಧರಿಸುವುದು ಮಧ್ಯಂತರ ಆದೇಶದ ಒಂದೆರಡು ಪ್ಯಾರಾ.

1890ರ ಕಾಯ್ದೆ ತಂದೆಯ ಕಡೆ ವಾಲಿತ್ತು. 1956ರ ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವ ಕಾಯ್ದೆ ಮಗುವಿನ ಹಿತವೇ ಮುಖ್ಯ ಎಂದಿತು. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎಂದೂ ಸೇರಿಸಿತು. 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಂದೆ ಬದುಕಿದ್ದಾಗಲೂ ತಾಯಿ ಸಹಜ ಪೋಷಕಿಯಾಗಬಹುದು ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ವರ್ಷವನ್ನೇ ಎರಡು ಭಾಗ ಮಾಡಿ, ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಮಗುವನ್ನಿರಿಸಿತು. 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ತಂದೆ ತಾಯಿ ಇಬ್ಬರಿಗೂ ಸೇರಿದ ಜಂಟಿ ಸುಪರ್ದಿಗೆ ಶಿಫಾರಸು ಮಾಡಿತು. ಆ ಶಿಫಾರಸು ಇನ್ನೂ ಕಾಯ್ದೆಯಾಗಿಲ್ಲ.

ಗಂಟು ಬಿಗಿಯುವುದು ಮಾತ್ರ ಅರ್ಜಿ ಹಾಕಿದ ಮೊದಲ ತಿಂಗಳುಗಳಲ್ಲಿ. 2001ರ ತಿದ್ದುಪಡಿ 26ನೇ ಕಲಮಿಗೆ ಒಂದು ಗಡುವು ಸೇರಿಸಿತು: ಮಧ್ಯಂತರ ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳಲ್ಲಿ, ಸಾಧ್ಯವಾದ ಮಟ್ಟಿಗೆ, ತೀರ್ಮಾನಿಸಬೇಕು. ಆದರೆ ಅದು ಮಕ್ಕಳ ಜೀವನಾಂಶ ಮತ್ತು ವಿದ್ಯಾಭ್ಯಾಸದ ಅರ್ಜಿಗಳಿಗೆ. ಸುಪರ್ದಿಯ ಹೆಸರು ಅಲ್ಲಿಲ್ಲ. ಹೀಗಾಗಿ ವಿಳಾಸ ಸರಿಯಿಲ್ಲವೆಂದು ನೋಟಿಸ್ ವಾಪಸು, ಮತ್ತೆ ಜಾರಿ, ವಕಾಲತ್ತು, ತಕರಾರಿಗೆ ಸಮಯ, ನಡುವೆ ಮಧ್ಯಸ್ಥಿಕೆ ಎನ್ನುತ್ತಾ ವಾಯಿದೆಗಳು ಸಾಗುತ್ತವೆ. ಕೇಸನ್ನು ಬೇರೆ ಊರಿಗೆ ವರ್ಗಾಯಿಸಲು ಅರ್ಜಿ ಬಿದ್ದು ತಡೆಯಾಜ್ಞೆ ಸಿಕ್ಕರೆ ಎಲ್ಲವೂ ನಿಂತಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಮಗು ಹೊಸ ಶಾಲೆಗೆ ಸೇರಿ, ಹೊಸ ಮನೆಗೆ ಒಗ್ಗಿಕೊಂಡಿರುತ್ತದೆ. ವಾದದ ದಿನ 'ಈಗಿರುವ ವ್ಯವಸ್ಥೆಯನ್ನು ಕದಲಿಸಬೇಡಿ' ಎನ್ನುವುದೇ ಎಲ್ಲಕ್ಕಿಂತ ಬಲವಾದ ವಾದವಾಗುತ್ತದೆ. ಯಾರೂ ತಡಮಾಡಬೇಕೆಂದು ಮಾಡಿರದಿದ್ದರೂ ತಡವೇ ತೀರ್ಪು ಕೊಟ್ಟಂತಾಗುತ್ತದೆ.

ಮಗು ತನ್ನ ಬಳಿ ಇಲ್ಲದ ತಂದೆ ಅಥವಾ ತಾಯಿ ಬೇರೊಬ್ಬರ ನಿಗಾದಲ್ಲಿ ಮಗುವನ್ನು ಕಾಣುವ ಮೇಲ್ವಿಚಾರಣೆಯ ಭೇಟಿಯ ಬಗ್ಗೆ ಈ ಕಾಯ್ದೆಗಳು ವಿವರವಾದ ನಿಯಮ ಹಾಕಿಲ್ಲ. ಅದು ನ್ಯಾಯಾಧೀಶರ ಆದೇಶದಿಂದ ಬೆಳೆದ ಪದ್ಧತಿ. ಹಿಂಸೆ ಅಥವಾ ಕುಡಿತದ ಆರೋಪ, ಮಗುವನ್ನು ಕರೆದೊಯ್ದು ಮರಳಿಸದ ಭಯ, ಇಲ್ಲವೇ ದೀರ್ಘ ಅಗಲಿಕೆಯಿಂದ ಮಗು ಗುರುತೇ ಹಿಡಿಯದ ಸ್ಥಿತಿ ಇದಕ್ಕೆ ಸಾಮಾನ್ಯ ಕಾರಣಗಳು. ಭೇಟಿ ನಡೆಯುವುದು ಕೋರ್ಟಿನ ಮಕ್ಕಳ ಕೊಠಡಿಯಲ್ಲಿ ಅಥವಾ ಕೌನ್ಸೆಲರ್ ಎದುರು, ಒಂದೆರಡು ಗಂಟೆ. ಕೆಲಸದ ದಿನವಾದರೆ ಶಾಲೆ ತಪ್ಪುತ್ತದೆ. ಕಾರಿಡಾರಿನಲ್ಲಿ ಎರಡೂ ಕಡೆಯ ನೆಂಟರು ಎದುರಾದರೆ ಮಗು ಅಳುತ್ತದೆ. ಆ ಅಳುವೇ ಮುಂದಿನ ವಾಯಿದೆಗೆ 'ಮಗುವಿಗೆ ಇಷ್ಟವಿಲ್ಲ' ಎಂಬ ಅಫಿಡವಿಟ್ ಆಗುತ್ತದೆ. ಕೌನ್ಸೆಲರ್ ಇಬ್ಬರನ್ನೂ ಮೊದಲೇ ಬೇರೆ ಬೇರೆ ಕರೆದು ಮಾತಾಡಿಸಿ, ಕರೆತಂದವರು ಕೊಠಡಿಯಿಂದ ದೂರ ಕೂತು, ಫೋನು ಹೊರಗಿಟ್ಟರೆ ಇದರಲ್ಲಿ ಬಹಳಷ್ಟು ತಪ್ಪುತ್ತದೆ. ನಾಲ್ಕಾರು ಭೇಟಿ ಸರಿಯಾಗಿ ನಡೆದ ಮೇಲೆ ವರದಿ ತರಿಸಿ ಪಾರ್ಕಿಗೆ, ಆಮೇಲೆ ಹಗಲಿಡೀ, ಕೊನೆಗೆ ರಾತ್ರಿ ತಂಗಲು ಹಂತಹಂತವಾಗಿ ಬಿಡುವುದು ಮಗುವಿಗೆ ಹಗುರ. ಆರೋಪ ಗಂಭೀರವಾಗಿದ್ದರೆ ಈ ಹಂತಗಳಿಗೆ ಅವಸರ ಸಲ್ಲದು.

ದೂರವೂ ಲೆಕ್ಕಕ್ಕೆ ಬರುತ್ತದೆ. ತಮಿಳುನಾಡಿನ ಪ್ರಕರಣವೊಂದರಲ್ಲಿ 2 ವರ್ಷದ ಹೆಣ್ಣುಮಗು ತಂದೆಯ ಭೇಟಿಗಾಗಿ ಪ್ರತಿ ಭಾನುವಾರ ಹೋಗಿ ಬರಲು ಸುಮಾರು 300 ಕಿ.ಮೀ. ಪಯಣಿಸಬೇಕಿತ್ತು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಭೇಟಿಯನ್ನು ಮಗು ಇರುವ ಊರಿಗೇ ಬದಲಿಸಿತು. ಬೇರೆ ರಾಜ್ಯ ಅಥವಾ ದೇಶದಲ್ಲಿರುವ ತಂದೆತಾಯಿಗೆ ವಿಡಿಯೊ ಕರೆಯ ಅವಕಾಶವಿರಬೇಕು ಎಂದು 2020ರಲ್ಲೇ ಅದು ಹೇಳಿತ್ತು.

'ವಾರಕ್ಕೊಮ್ಮೆ ಭೇಟಿ' ಎಂದಷ್ಟೇ ಇರುವ ಆದೇಶ ಮೊದಲ ವಾರವೇ ಮುರಿಯುತ್ತದೆ. ವಾರದ ಯಾವ ದಿನ, ಆರಂಭ ಮತ್ತು ಮುಕ್ತಾಯದ ಗಂಟೆ, ಜಾಗ, ಕರೆತರುವವರು, ಜ್ವರ ಬಂದರೆ ಬದಲಿ ದಿನ, ಏಪ್ರಿಲ್-ಮೇ ಮತ್ತು ದಸರಾ ರಜೆಯ ಹಂಚಿಕೆ, ಪಾಸ್‌ಪೋರ್ಟ್ ಯಾರ ಬಳಿ, ಶಾಲೆಯ ಸಭೆಗೆ ಯಾರು ಎಂಬುದೆಲ್ಲ ಬರಹದಲ್ಲಿರಬೇಕು. ಜೀವನಾಂಶ ಬಂದಿಲ್ಲವೆಂದು ಭೇಟಿ ತಪ್ಪಿಸುವಂತಿಲ್ಲ, ಭೇಟಿ ಸಿಕ್ಕಿಲ್ಲವೆಂದು ಜೀವನಾಂಶ ನಿಲ್ಲಿಸುವಂತೆಯೂ ಇಲ್ಲ. ಭೇಟಿ ತಪ್ಪಿದರೆ ಆಯಾ ದಿನಾಂಕ ಸಮೇತ ಆಗಲೇ ಕೋರ್ಟಿಗೆ ಮೆಮೊ, ಅಂದರೆ ಲಿಖಿತ ಟಿಪ್ಪಣಿ, ಹಾಕಬೇಕು. ಆರು ತಿಂಗಳು ಕೂಡಿಟ್ಟು ಹೇಳಿದರೆ ನಂಬಿಸುವುದು ಕಷ್ಟ. ಮಧ್ಯಂತರ ಆದೇಶವನ್ನು ಆಗಾಗ ಬದಲಿಸಲು 26ನೇ ಕಲಮಿನಲ್ಲೇ ಅವಕಾಶವಿದೆ. 3 ವರ್ಷದ ಮಗುವಿಗೆಂದು ಬರೆದ ಒಂದು ಗಂಟೆಯ ಆದೇಶ, ಆ ಮಗು ಒಂದನೇ ತರಗತಿಗೆ ಬಂದಾಗಲೂ ಜಾರಿಯಲ್ಲಿದ್ದರೆ, ಶಾಲೆಯ ವೇಳಾಪಟ್ಟಿ, ಈವರೆಗಿನ ಭೇಟಿಗಳ ಹಾಜರಿ ಮತ್ತು ಕೌನ್ಸೆಲರ್ ವರದಿ ಲಗತ್ತಿಸಿ ಮಾರ್ಪಾಡಿಗೆ ಅರ್ಜಿ ಹಾಕಬಹುದು.