ಟೆಸ್ಟರ್ ಹೊತ್ತಿತು, ಹಾಗಾದರೆ ಸಪ್ಲೈ ಸರಿಯಿದೆಯೇ?

ಐಟಿಐ ಬೋಧಕರಾಗಲು ಓದುತ್ತಿರುವ ನಮಗೆ ಪರೀಕ್ಷೆಯಲ್ಲಿ ‘ಸಹಕಾರಿ ಕಲಿಕೆ ಮತ್ತು ವಿಮರ್ಶಾತ್ಮಕ ಚಿಂತನೆ’ ಬಂದೇ ಬರುತ್ತದೆ. ವ್ಯಾಖ್ಯಾನ ಬಾಯಿಪಾಠ ಮಾಡಿದ್ದರೂ ನನಗೆ ಅದು ಅರ್ಥವಾದದ್ದು ಪೀಣ್ಯದ ಕಡೆಯ ಎಲೆಕ್ಟ್ರಿಷಿಯನ್ ತರಗತಿಯೊಂದರಲ್ಲಿ, ಕೆಟ್ಟ ಮೋಟಾರಿನ ಮುಂದೆ.

ಮೂರು ಫೇಸ್ ಮೋಟಾರು. ಸ್ವಿಚ್ ಹಾಕಿದರೆ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ನಾಲ್ವರ ಗುಂಪಿನಲ್ಲಿ ಒಬ್ಬರಿಗೆ ಸಪ್ಲೈ, ಒಬ್ಬರಿಗೆ ಸ್ಟಾರ್ಟರ್, ಒಬ್ಬರಿಗೆ ವೈಂಡಿಂಗ್ (ಮೋಟಾರಿನೊಳಗಿನ ತಂತಿ ಸುರುಳಿ), ಇನ್ನೊಬ್ಬರಿಗೆ ಬೇರಿಂಗ್ ಮತ್ತು ಲೋಡ್. ಎಲ್ಲ ಗುಂಪುಗಳ ಸಪ್ಲೈಯವರು ಒಂದೆಡೆ ಕೂತು ಆ ಭಾಗ ಓದಿಕೊಂಡು, ಮರಳಿ ತಮ್ಮ ಗುಂಪಿಗೆ ಕಲಿಸಬೇಕು, ಉಳಿದವರೂ ಹಾಗೆಯೇ. ಇದು ಜಿಗ್‌ಸಾ ವಿಧಾನ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ, ಬೇರೆ ಬೇರೆ ಜನಾಂಗಗಳ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದಾಗಿನ ವೈಮನಸ್ಯ ತಗ್ಗಿಸಲು ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ ರೂಪಿಸಿದ್ದು.

ಸಪ್ಲೈ ಓದಿದ್ದ ಹುಡುಗಿ, “ಮೂರೂ ಟರ್ಮಿನಲ್‌ಗಳಲ್ಲಿ ಟೆಸ್ಟರ್ ಹೊತ್ತಿತು. ಸಪ್ಲೈ ಸರಿಯಿದೆ, ವೈಂಡಿಂಗೇ ಸುಟ್ಟಿರಬೇಕು” ಎಂದಳು. ಇಬ್ಬರು ತಲೆಯಾಡಿಸಿದರು. ವೈಂಡಿಂಗ್ ಓದಿದ್ದ ಹುಡುಗ ಒಪ್ಪಲಿಲ್ಲ: “ಒಂದು ಫ್ಯೂಸ್ ಹೋಗಿದ್ದರೂ ಉಳಿದೆರಡು ಫೇಸ್‌ಗಳಿಂದ ವೈಂಡಿಂಗ್ ಮೂಲಕವೇ ಆ ಟರ್ಮಿನಲ್‌ಗೆ ವೋಲ್ಟೇಜ್ ಬರುವುದಿಲ್ಲವೇ?” ಸಪ್ಲೈ ಕಡಿದು ಶಾಫ್ಟ್ ಕೈಯಲ್ಲಿ ತಿರುಗಿಸಿದರು, ಸಲೀಸಾಗಿ ತಿರುಗಿತು. ಬೋಧಕರ ಎದುರಿನಲ್ಲಿ ಕ್ಷಣಕಾಲ ಸಪ್ಲೈ ಕೊಟ್ಟು ಮೀಟರ್ ಹಿಡಿದರೆ, ಒಂದು ಜೋಡಿ ಟರ್ಮಿನಲ್‌ಗಳ ನಡುವೆ 415 ವೋಲ್ಟ್ ಆಸುಪಾಸು, ಅಷ್ಟೇ ಇರಬೇಕಿದ್ದ ಉಳಿದೆರಡು ಜೋಡಿಗಳಲ್ಲಿ ಅದರ ಅರ್ಧ. ಹೋಗಿದ್ದದ್ದು ಫ್ಯೂಸ್.

ಸಾಕ್ಷ್ಯ ನೋಡುವುದು, ಅದರಿಂದ ತೀರ್ಮಾನಕ್ಕೆ ಬರುವುದು, ಆ ತೀರ್ಮಾನವನ್ನೇ ಮತ್ತೆ ಪ್ರಶ್ನಿಸುವುದು: ವಿಮರ್ಶಾತ್ಮಕ ಚಿಂತನೆ ಎಂದು ಬರೆಯುವಾಗ ಈ ಮೂರನ್ನೂ ಉದಾಹರಣೆಯೊಂದಿಗೆ ಬರೆಯಿರಿ. ಆ ಹುಡುಗನ ಕೈಯಲ್ಲಿ ಬೇರೆಯವರಿಗಿಲ್ಲದ ತುಣುಕೊಂದು ಇದ್ದುದರಿಂದಲೇ ಪ್ರಶ್ನೆ ಹುಟ್ಟಿತು.

ಜಾಣನೊಬ್ಬ ಮೀಟರ್ ಹಿಡಿದು ಮೂವರು ನೋಡುತ್ತ ನಿಂತರೆ ಅದು ಬರೀ ಗುಂಪು. ಡೇವಿಡ್ ಮತ್ತು ರೋಜರ್ ಜಾನ್ಸನ್ ಸಹೋದರರು ಸಹಕಾರಿ ಕಲಿಕೆಗೆ ಬೇಕೆಂದು ಹೇಳುವ ಐದು ಅಂಶಗಳಲ್ಲಿ ಪರಸ್ಪರ ಅವಲಂಬನೆಯನ್ನು ಎಲ್ಲರೂ ಬರೆಯುತ್ತಾರೆ. ವೈಯಕ್ತಿಕ ಹೊಣೆಗಾರಿಕೆಯನ್ನು ನಾವು ಹೆಚ್ಚಾಗಿ ಮರೆಯುತ್ತೇವೆ. ನನಗೆ ಅದೇ ಮುಖ್ಯವೆನಿಸುತ್ತದೆ. ಆ ತರಗತಿಯಲ್ಲಿ ಚರ್ಚೆ ಮುಗಿದ ಮೇಲೆ ಪ್ರತಿಯೊಬ್ಬರೂ ಬೇರೆ ಬೇರೆ ಕೂತು ಒಂದು ಪ್ರಶ್ನೆಗೆ ಉತ್ತರ ಬರೆಯಬೇಕಿತ್ತು: ‘ನಿಮ್ಮ ತೀರ್ಮಾನ ತಪ್ಪೆಂದು ತೋರಿಸಬಲ್ಲ ರೀಡಿಂಗ್ ಯಾವುದು?’ ಟೆಸ್ಟರ್ ನಂಬಿದ್ದ ಹುಡುಗಿ ಮೂರು ಜೋಡಿ ಟರ್ಮಿನಲ್‌ಗಳ ಚಿತ್ರ ಬರೆದು, ಒಂದೊಂದರ ಪಕ್ಕದಲ್ಲೂ ವೋಲ್ಟೇಜ್ ಗುರುತಿಸಿದ್ದಳು.