ಮಸಲ್ ಕಾರು: ಬಲ ಇರುವುದು ಚರ್ಮದ ಅಡಿಯಲ್ಲಿ

ಬಾಲದಲ್ಲಿ ಎತ್ತರದ ರೆಕ್ಕೆಗಳಿರುವ 1959ರ ಕ್ಯಾಡಿಲಾಕ್ ಚಿತ್ರದ ಕೆಳಗೆ ‘ಅಮೆರಿಕದ ಮಸಲ್ ಕಾರು’ ಎಂಬ ಬರಹವನ್ನು ಈ ತಿಂಗಳಲ್ಲಿ ಮೂರನೆಯ ಸಲ ಓದಿದೆ. ಅದು ಮೆರೆಯುವುದಕ್ಕೆಂದೇ ಮಾಡಿದ ಐಷಾರಾಮಿ ಕಾರು. ಕಾರ್ವೆಟ್‌ಗೂ ಇದೇ ಹೆಸರು ಅಂಟಿಸುತ್ತಾರೆ. ಅದು ಎರಡೇ ಆಸನಗಳ ಸ್ಪೋರ್ಟ್ಸ್ ಕಾರು. ಮಸ್ಟಾಂಗ್ ಜಾತಿಯ ಚಿಕ್ಕ ಕಾರುಗಳನ್ನು ಅಮೆರಿಕನ್ನರೇ ‘ಪೋನಿ ಕಾರು’ ಎಂದು ಬೇರೆಯಾಗಿ ಕರೆಯುತ್ತಾರೆ. ದೈತ್ಯ ಎಂಜಿನ್ ಹೊತ್ತ ಮಸ್ಟಾಂಗ್‌ಗಳನ್ನು ಮಸಲ್ ಕಾರುಗಳ ಸಾಲಿಗೆ ಸೇರಿಸುವ ವಾದವನ್ನಾದರೂ ಒಪ್ಪಬಹುದು, ಆರು ಸಿಲಿಂಡರಿನ ಸಾದಾ ಮಸ್ಟಾಂಗನ್ನು ಸೇರಿಸುವುದಂತೂ ಸಲ್ಲದು.

ಈ ಪದಕ್ಕೆ ವಯಸ್ಸು ಮುಖ್ಯವಲ್ಲ, ಹೊರರೂಪವೂ ಮುಖ್ಯವಲ್ಲ. ಮಧ್ಯಮ ಗಾತ್ರದ, ಎರಡು ಬಾಗಿಲಿನ ಸಾಮಾನ್ಯ ಕಾರಿನ ಒಡಲಿಗೆ ದೊಡ್ಡ ಕಾರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರಿಸಿ, ತಿಂಗಳ ಸಂಬಳದ ಯುವಕನಿಗೆ ಎಟುಕುವ ಬೆಲೆಯಲ್ಲಿ ಮಾರಿದರೆ ಅದು ಮಸಲ್ ಕಾರು. ಆ ಕಾಲದ ಪತ್ರಿಕೆಗಳು ಇವನ್ನು ‘ಸೂಪರ್ ಕಾರು’ ಎನ್ನುತ್ತಿದ್ದವು. ಆ ಹೆಸರು ಈಗ ಕೋಟಿಗಟ್ಟಲೆ ಬೆಲೆಯ ವಿಲಾಸಿ ಕಾರುಗಳ ಪಾಲಾಗಿದೆ.

ಮಾಂಸಖಂಡ ಎಂಬರ್ಥದ ‘ಮಸಲ್’ ಪದದ ಬೇರು ಲ್ಯಾಟಿನ್ ಭಾಷೆಯ ‘ಮುಸ್ಕುಲುಸ್’. ಹಾಗೆಂದರೆ ಪುಟ್ಟ ಇಲಿ. ತೋಳು ಮಡಿಸಿದಾಗ ಚರ್ಮದಡಿಯಲ್ಲಿ ಉಬ್ಬಿ ಸರಿಯುವ ಮಾಂಸಖಂಡ ಆ ಜನರಿಗೆ ಬಟ್ಟೆಯೊಳಗೆ ಹೊಕ್ಕ ಇಲಿಯಂತೆ ಕಂಡಿರಬೇಕು. ಲ್ಯಾಟಿನ್‌ನ ‘ಮುಸ್’ ಮತ್ತು ಸಂಸ್ಕೃತದ ‘ಮೂಷ್’ ಒಂದೇ ಮೂಲದವು. ಗಣಪನ ವಾಹನವಾದ ಮೂಷಿಕನಿಗೂ ಅಮೆರಿಕದ ಕಾರುಗಳ ಊರಾದ ಡೆಟ್ರಾಯಿಟ್ಟಿನ ವಾಹನಕ್ಕೂ ಹೀಗೆ ಪದದ ನೆಂಟಸ್ತಿಕೆ ಇದೆ. ಈ ವ್ಯುತ್ಪತ್ತಿಯನ್ನು ನಾನು ಬಿಡದೆ ಹೇಳುವುದಕ್ಕೆ ಕಾರಣವಿದೆ. ಇಲಿ ಇರುವುದು ಒಳಗೆ. ನಮ್ಮ ಬೈಕಿನ ಜಾಹೀರಾತುಗಳು ಪೆಟ್ರೋಲ್ ಟ್ಯಾಂಕಿನ ಉಬ್ಬನ್ನು ‘ಮಸ್ಕ್ಯುಲರ್’ ಎಂದು ಹೊಗಳುವಾಗ ಹೊರಗಿನ ತಗಡನ್ನು ನೋಡುತ್ತಿರುತ್ತವೆ.

1964ರ ಪಾಂಟಿಯಾಕ್ ಜಿಟಿಒ ನೋಡಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲ, ಅಂದರೆ ಸುಮಾರು 5.4 ಲೀಟರ್ ಮೀರಿದ ಎಂಜಿನ್ ಕೂಡದು ಎಂಬುದು ಜನರಲ್ ಮೋಟರ್ಸ್‌ನ ನಿಯಮವಾಗಿತ್ತು. ಜಾನ್ ಡಿಲೋರಿಯನ್ ಮುಖ್ಯ ಎಂಜಿನಿಯರ್ ಆಗಿದ್ದ, ಅದೇ ಕಂಪನಿಯ ಪಾಂಟಿಯಾಕ್ ವಿಭಾಗ ತನ್ನ ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನ್ನನ್ನು ತನ್ನ ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ಇಳಿಸಿತು. ಅದನ್ನು ಹೊಸ ಮಾದರಿ ಎನ್ನದೆ, ಗ್ರಾಹಕ ಬಯಸಿದರೆ ಸೇರಿಸಿಕೊಳ್ಳಬಹುದಾದ ಹೆಚ್ಚುವರಿ ಸೌಲಭ್ಯ ಎಂದು ಮಾರಿದ್ದರಿಂದ ನಿಯಮದ ಅಡ್ಡಿ ತಪ್ಪಿತು. ಮೊದಲ ವರ್ಷವೇ 32,450 ಕಾರುಗಳು ಮಾರಾಟವಾದವು.

ಪದವನ್ನು ಸಡಿಲವಾಗಿ ಬಳಸಿದಾಗ ನಷ್ಟವಾಗುವುದು ಅದಕ್ಕೆ ಸರಿಯಾಗಿ ಹೊಂದುವ, ಆದರೆ ಹೆಸರು ಕೇಳಿರದ ಕಾರುಗಳಿಗೆ. 1970ರ ಬ್ಯೂಕ್ ಜಿಎಸ್‌ಎಕ್ಸ್ ಬಂದದ್ದು ಹಿರಿಯರ ಸುಖಪ್ರಯಾಣಕ್ಕೆ ಹೆಸರಾದ ಮನೆಯಿಂದ. 455 ಘನ ಅಂಗುಲದ ಎಂಜಿನ್, 510 ಪೌಂಡ್-ಅಡಿ ಟಾರ್ಕ್, ಅಂದರೆ ತಿರುಗಿಸುವ ಬಲ. ಹಳದಿ, ಬಿಳಿ ಎರಡೇ ಬಣ್ಣ. ಆ ವರ್ಷ ತಯಾರಾದದ್ದು 678 ಮಾತ್ರ. ಶೆವ್ರೊಲೆಯ ಪ್ರಸಿದ್ಧ ಮಸಲ್ ಕಾರು ಶೆವೆಲ್‌ಗಿಂತ ಇದನ್ನೇ ನಾನು ಮೇಲೆ ಇಡುತ್ತೇನೆ. ಮಿತವ್ಯಯದ ಕಾರುಗಳಿಗೆ ಹೆಸರಾಗಿದ್ದ ಅಮೆರಿಕನ್ ಮೋಟರ್ಸ್ ಅದೇ ವರ್ಷ 340 ಅಶ್ವಶಕ್ತಿಯ ರೆಬೆಲ್ ಮೆಷಿನ್ ತಂದಿತು. ಬಾನೆಟ್ ಮೇಲಿನ ಗಾಳಿಗೂಡಿನಲ್ಲೇ ಎಂಜಿನ್ ವೇಗ ತೋರಿಸುವ ಮಾಪಕವಿತ್ತು. ಒಂದೇ ವರ್ಷ ಬಾಳಿತು.

ಓಲ್ಡ್ಸ್‌ಮೊಬೈಲ್‌ನ ರ‍್ಯಾಲಿ 350 ಬಗ್ಗೆ ತಕರಾರಿದೆ. ದೊಡ್ಡ ಎಂಜಿನ್ನಿನ ಕಾರುಗಳಿಗೆ ವಿಮಾ ಕಂಪನಿಗಳು ಕಂತು ಏರಿಸಿದ್ದ ಆ 1970ರಲ್ಲಿ ಇದು 350 ಘನ ಅಂಗುಲಕ್ಕೆ ತೃಪ್ತಿಪಟ್ಟಿತು. ಬಂಪರ್, ಚಕ್ರಗಳಿಗೂ ಮೈಯ ಹಳದಿಯನ್ನೇ ಬಳಿದರು. ಎಂಜಿನ್ ಚಿಕ್ಕದೆಂದು ಕೆಲವರು ಇದನ್ನು ಪಟ್ಟಿಯಿಂದ ತೆಗೆಯುತ್ತಾರೆ. ನಾನು ತೆಗೆಯುವುದಿಲ್ಲ. ಸಂಬಳದ ಯುವಕನಿಗೆ ಎಟುಕಬೇಕೆಂಬುದೂ ವ್ಯಾಖ್ಯೆಯ ಭಾಗವೇ. ಕಾರು ಕೊಂಡ ಮೇಲೆ ವಿಮೆಯ ಕಂತನ್ನೂ ಅವನೇ ಕಟ್ಟಬೇಕಿತ್ತು.